ಮ್ವಾನಕೊಂಬೊ ಅತ್ತೆಯ ಕೆಂಪು ಮಬುಯು

ಮೊಂಬಾಸಾ
9 ಜೂನ್ 1997

ಪ್ರೀತಿಯ ಅತ್ತೆ,

ನಿಮ್ಮ ಪಾದಕ್ಕೆ ಶಿಕಮೂ.

ನಾನು ಚೆನ್ನಾಗಿದ್ದೇನೆ. ಕಾಗದ ತಡವಾಯಿತು, ಬೈಯಬೇಡಿ. ಕಳೆದ ವಾರ ಶಾಲೆಯಲ್ಲಿ ನಡೆದದ್ದನ್ನು ಕೇಳಿದರೆ ನೀವೇ ಬಿಟ್ಟುಬಿಡುತ್ತೀರಿ.

ನನ್ನ ನಾಲ್ಕನೇ ತರಗತಿಯಲ್ಲಿ ಮಿಷಿ ಎಂಬ ಹುಡುಗಿ ಇದ್ದಾಳೆ. ಒಂಬತ್ತು ವರ್ಷ, ಬಾಯಿ ಮಾತ್ರ ಐವತ್ತು ವರ್ಷದ್ದು. ಗುರುವಾರ ಗಣಿತದ ಪಾಠದ ನಡುವೆ ಎದ್ದು ನಿಂತಳು. ಹೊರಗೆ ಹೋಗಲು ಕೇಳುತ್ತಾಳೆ ಎಂದುಕೊಂಡೆ. ಅಲ್ಲೇ ವಾಂತಿ ಮಾಡಿಕೊಂಡಳು, ನೆಲವೆಲ್ಲ ಕೆಂಪು. ನಲವತ್ತು ಮಕ್ಕಳು ಒಟ್ಟಿಗೆ ಕಿರುಚಿದರು. ನಾನು ಅವಳನ್ನು ಎತ್ತಿಕೊಂಡು ಡಿಸ್ಪೆನ್ಸರಿಗೆ ಓಡಿದೆ, ಚಪ್ಪಲಿ ದಾರಿಯಲ್ಲೇ ಉಳಿಯಿತು. ಡಾಕ್ಟರು ಅವಳ ಬಾಯಿ ತೆರೆಸಿ ನಾಲಿಗೆ ನೋಡಿದರು. "ಏನ್ ತಿಂದೆ?" ಅಂದರು. "ಮಬುಯು," ಅಂದಳು, ಆ ಕೆಂಪು ಪಾಕದ ಬೀಜದ ಮಿಠಾಯಿ. "ಎಷ್ಟು?" "ಗೇಟ್ ಹತ್ರ ಮಾರ್ತಾರಲ್ಲ, ಎಲ್ಲಾ."

ರಕ್ತವಲ್ಲ, ಬಣ್ಣ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಡಾಕ್ಟರು ಮಾತ್ರ ನಗಲಿಲ್ಲ. "ತಿನ್ನೋ ಬಣ್ಣಾನೇ ಮಿತಿಮೀರಿದ್ರೆ ಒಳ್ಳೇದಲ್ಲ ಟೀಚರ್. ಇದು ತಿನ್ನೋ ಬಣ್ಣವೂ ಅಲ್ಲ ಅನ್ಸುತ್ತೆ. ಬಟ್ಟೆಗೆ ಹಾಕೋದನ್ನ ತಿಂಡಿಗೆ ಹಾಕ್ತಿದಾರೆ," ಅಂದರು. ಪರೀಕ್ಷಿಸುವ ಒಂದು ಉಪಾಯವನ್ನೂ ಹೇಳಿಕೊಟ್ಟರು. ತಿಂಡಿಯನ್ನು ನೀರಿನಲ್ಲಿ ನೆನೆಸಿ, ಆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ, ಬಿಳಿ ಉಣ್ಣೆಯ ದಾರ ಹಾಕಿ ಕುದಿಸಬೇಕು. ಆಮೇಲೆ ದಾರವನ್ನು ಚೆನ್ನಾಗಿ ತೊಳೆಯಬೇಕು. ಹೂವು ಹಣ್ಣಿನ ಬಣ್ಣವಾದರೆ ಬಹುಪಾಲು ಹೋಗುತ್ತದೆ, ಪುಡಿಯ ಬಣ್ಣವಾದರೆ ದಾರವನ್ನು ಬಿಡುವುದಿಲ್ಲ. ವಿಷ ಹೌದೋ ಅಲ್ಲವೋ ಎಂದು ಇದರಿಂದ ತಿಳಿಯದು, ಆದರೆ ಯಾವುದರಿಂದ ದೂರ ಇರಬೇಕು ಎಂದು ಮಕ್ಕಳಿಗೆ ಗೊತ್ತಾದರೆ ಸಾಕು ಅಂದರು.

ಮಿಷಿ ಮರುದಿನವೇ ಶಾಲೆಗೆ ಬಂದಳು. ಈಗ ಅವಳೇ ತರಗತಿಯ ನಾಯಕಿ.

ಮಕ್ಕಳಿಗೆ ಈ ಪಾಠ ಮಾಡಿಯೇ ತೀರಬೇಕು ಎಂದುಕೊಂಡಿದ್ದೇನೆ. ಗೇಟಿನ ಬಳಿ ಸಿಗುವ ನಾಲ್ಕೈದು ಬಗೆ ತರುತ್ತೇನೆ. ಅವುಗಳ ಪಕ್ಕದಲ್ಲಿ ನಿಮ್ಮ ಡಬ್ಬಿ ಇಡುತ್ತೇನೆ. ಹಿತ್ತಲ ಪುಂಡಿ ಹೂವಿನ ರಸ ಹಾಕಿ ನೀವು ಮಾಡುವ ಮಬುಯು ಎಂಥದು ಎಂದು ಈ ಊರಿನ ಮಕ್ಕಳು ಒಮ್ಮೆ ನೋಡಲಿ. ಒಂದು ಡಬ್ಬಿ ಕಳಿಸಿ.

ನಿಮ್ಮ
ಸ್ವಾಬ್ರಾ

*

ಲಾಮು
24 ಜೂನ್ 1997

ಮಗಳೇ ಸ್ವಾಬ್ರಾ,

ಮರಹಬಾ. ನಿನ್ನ ಶಿಕಮೂ ತಲುಪಿತು, ಕಾಗದವೂ ತಲುಪಿತು.

ಆ ಹುಡುಗಿಯ ಕಥೆ ಓದಿ ಹೆದರಿದೆ, ಆಮೇಲೆ ನಕ್ಕೆ. ಮೊಂಬಾಸಾದವರು ಮಾರುವುದು ಮಬುಯು ಅಂತ ಯಾರು ಹೇಳಿದರು? ಬೀಜ ತೊಳೆಯದೆ ಪಾಕಕ್ಕೆ ಹಾಕುತ್ತಾರೆ, ಏಲಕ್ಕಿಯ ಹೆಸರೂ ಗೊತ್ತಿಲ್ಲ. ದೊಡ್ಡಹುಣಸೆಯ ಕಾಯಿ ಒಡೆದು, ಒಂದೊಂದೇ ಬೀಜ ಬಿಡಿಸಿ, ಹದವಾದ ಪಾಕದಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸಲು ಅವರಿಗೆ ಪುರುಸೊತ್ತೆಲ್ಲಿದೆ?

ನೀನು ನನ್ನ ಡಬ್ಬಿಯನ್ನು ಶಾಲೆಯಲ್ಲಿ ಇಡುತ್ತೀಯೆ ಎಂದು ಪಕ್ಕದ ಮನೆ ರುಕಿಯಾಗೆ ಹೇಳಿದೆ. ಅವಳು ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದು ಬಂದು, "ನಿನ್ ಮಬುಯು ಈಗ ಇಸ್ಕೂಲಿಗ್ ಸೇರ್ತಾ? ನಾವ್ಯಾರೂ ಅಷ್ಟು ಓದ್ಲಿಲ್ಲ ನೋಡು," ಅಂದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಹಿತ್ತಲ ಪುಂಡಿ ಈಗ ಮೊದಲಿನ ಹಾಗೆ ಬಣ್ಣ ಬಿಡುವುದಿಲ್ಲ. ಮಣ್ಣಿನ ಸತ್ವ ಹೋಗಿದೆ. ಆದರೂ ನೀನು ಚಿಂತೆ ಮಾಡಬೇಡ, ನಿನ್ನ ಡಬ್ಬಿಯನ್ನು ಚೆನ್ನಾಗಿ ಕೆಂಪಗೆ ಮಾಡಿಯೇ ಕಳಿಸಿದ್ದೇನೆ. ಶನಿವಾರದ ಬಸ್ಸಿನಲ್ಲಿ ಬರುತ್ತದೆ.

ನಾನು ಆರೋಗ್ಯವಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬೇರೇನಿಲ್ಲ.

ಅತ್ತೆ
ಮ್ವಾನಕೊಂಬೊ

*

ಮೊಂಬಾಸಾ
12 ಜುಲೈ 1997

ಪ್ರೀತಿಯ ಅತ್ತೆ,

ಶಿಕಮೂ.

ಡಬ್ಬಿ ತಲುಪಿತು. ಪಾಠ ಮುಗಿಯಿತು. ಚೆನ್ನಾಗಿಯೇ ಆಯಿತು.

ಶಾಲೆಯ ಅಡುಗೆಯಾಕೆಯ ಸೀಮೆಎಣ್ಣೆ ಒಲೆ ಕೇಳಿ ತಂದಿದ್ದೆ. ಐದು ಪಾತ್ರೆ, ಐದು ಉಣ್ಣೆ ದಾರ. ಮಕ್ಕಳು ಮೇಜಿನ ಸುತ್ತ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಕಿತ್ತಳೆ ಬಣ್ಣದ ಐಸ್ ಕಡ್ಡಿಯ ನೀರಿನಲ್ಲಿ ಹಾಕಿದ ದಾರ ಕಿತ್ತಳೆಯಾಗಿಯೇ ಉಳಿಯಿತು. ಹಸಿರು ಪೆಪ್ಪರ್‌ಮಿಂಟಿನದು ಹಸಿರು. ಬೀಟ್‌ರೂಟ್ ರಸದ ದಾರವನ್ನು ತೊಳೆದಾಗ ನಸುಗುಲಾಬಿ ಕಲೆಯಷ್ಟೇ ಉಳಿಯಿತು. "ನಾಲಿಗೆ ಸಂಜೆವರೆಗೂ ಕೆಂಪಗಿದ್ರೆ ಏನರ್ಥ?" ಅಂತ ಕೇಳಿದೆ. "ಅಮ್ಮ ಹೊಡೀತಾಳೆ ಅಂತ," ಅಂದ ಒಬ್ಬ. ಸೋಪು ಹಾಕಿದರೂ ಬೆರಳಿನಿಂದ ಬಿಡದ ಬಣ್ಣ, ನೀರಿಗೆ ಹಾಕಿದ ಕೂಡಲೇ ಹೊಗೆಯ ಹಾಗೆ ಇಳಿಯುವ ಬಣ್ಣ, ಯಾವ ಹಣ್ಣಿನಲ್ಲೂ ಹೂವಿನಲ್ಲೂ ಕಾಣದಷ್ಟು ಹೊಳೆಯುವ ಬಣ್ಣ, ಇವು ಕಂಡರೆ ಕೈ ಹಿಂದಕ್ಕೆ ಎಂದು ಹೇಳಿಕೊಟ್ಟೆ. ಈಗ ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬರ ನಾಲಿಗೆಯನ್ನೊಬ್ಬರು ತಪಾಸಣೆ ಮಾಡುತ್ತಾರೆ.

ನಿಮ್ಮ ಡಬ್ಬಿಯನ್ನೂ ತೋರಿಸಿದೆ. ಮಕ್ಕಳು ತುಂಬಾ ಹೊತ್ತು ನೋಡಿದರು.

ಅತ್ತೆ, ಸುಮ್ಮನೆ ಕೇಳುತ್ತಿದ್ದೇನೆ, ಪುಂಡಿ ಬಣ್ಣ ಬಿಡುವುದಿಲ್ಲ ಎಂದಿರಲ್ಲ, ಹಾಗಾದರೆ ಈಗ ಮಬುಯುವಿಗೆ ಏನು ಹಾಕುತ್ತೀರಿ?

ನಿಮ್ಮ
ಸ್ವಾಬ್ರಾ

*

ಲಾಮು
2 ಆಗಸ್ಟ್ 1997

ಮಗಳೇ ಸ್ವಾಬ್ರಾ,

ಮರಹಬಾ.

ಮಕ್ಕಳು ತುಂಬಾ ಹೊತ್ತು ನೋಡಿದರು ಎಂಬ ಸಾಲನ್ನು ರುಕಿಯಾಗೆ ಎರಡು ಸಲ ಹೇಳಿದೆ. ನೋಡದೆ ಏನು ಮಾಡುತ್ತಾರೆ ಪಾಪ, ಅಂಥದ್ದನ್ನು ಎಲ್ಲಿ ಕಂಡಿದ್ದಾರೆ. ಬರೀ ನೋಡಿದರೆ ಆಗುತ್ತದೆಯೇ? ಅದಕ್ಕೇ ಈ ಸಲ ದೊಡ್ಡ ಡಬ್ಬಿ ಕಳಿಸುತ್ತಿದ್ದೇನೆ. ನಲವತ್ತು ಮಕ್ಕಳಿಗೂ ಒಂದೊಂದು ಹಿಡಿ ಬರುತ್ತದೆ. ಆ ಬಾಯಿಬಡುಕಿ ಮಿಷಿಗೆ ಎರಡು ಹಿಡಿ ಕೊಡು, ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಮರೆಯಲಿ.

ಬಣ್ಣದ ವಿಷಯ ಕೇಳಿದ್ದೀಯೆ. ಅಡುಗೆಮನೆಯ ಗುಟ್ಟನ್ನು ಕಾಗದದಲ್ಲಿ ಬರೆಯುವ ವಾಡಿಕೆ ನಮ್ಮಲ್ಲಿಲ್ಲ. ನೀನು ರಜೆಗೆ ಬರುತ್ತೀಯಲ್ಲ, ಪಕ್ಕದಲ್ಲಿ ಕೂತು ಕಲಿ. ನಿನಗಿಷ್ಟ ಎಂದು ಒಣಗಿಸಿದ ಮೀನು ತೆಗೆದಿಟ್ಟಿದ್ದೇನೆ.

ಅತ್ತೆ

*

ಮೊಂಬಾಸಾ
20 ಆಗಸ್ಟ್ 1997

ಅತ್ತೆ,

ಶಿಕಮೂ.

ಆಚೆ ದಡದ ಲಿಕೋನಿಯಲ್ಲಿ ಗಲಾಟೆ ನಡೆದದ್ದನ್ನು ರೇಡಿಯೋದಲ್ಲಿ ಕೇಳಿರುತ್ತೀರಿ. ನಾವು ಈ ದಡದಲ್ಲಿ ಕ್ಷೇಮ. ಈ ರಜೆಗೆ ಬರುವುದಿಲ್ಲ. ಗಲಾಟೆಯಿಂದಾಗಿ ಎಂದು ಬರೆದು ಮುಗಿಸಿದ್ದೆ. ಆ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಅದು ನಿಜವಲ್ಲ.

ಹಿಂದಿನ ಕಾಗದದಲ್ಲಿ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟೆ. ಆ ದಿನ ಐದು ದಾರಗಳಲ್ಲಿ ಎಲ್ಲಕ್ಕಿಂತ ಕೆಂಪಾಗಿದ್ದು ನಿಮ್ಮ ಡಬ್ಬಿಯ ದಾರ. ಗೇಟಿನ ಮಬುಯುವಿಗಿಂತಲೂ ಕೆಂಪು. ಮೂರು ನೀರಿನಲ್ಲಿ ತೊಳೆದೆ. ಬಿಡಲಿಲ್ಲ. ಅದಕ್ಕೂ ಮುಂಚೆ, ಇದು ನನ್ನನ್ನು ಸಾಕಿದ ಅತ್ತೆ ಮಾಡಿದ್ದು, ಇದರ ದಾರ ಹೇಗಿರುತ್ತದೆ ನೋಡಿ ಎಂದು ಹತ್ತು ನಿಮಿಷ ಭಾಷಣ ಮಾಡಿದ್ದೆ. ಮಿಷಿ ದಾರವನ್ನು ಬೆಳಕಿಗೆ ಹಿಡಿದು, "ಟೀಚರ್, ಇದೇ ಎಲ್ಲಕ್ಕಿಂತ ಜಾಸ್ತಿ," ಅಂದಳು. ನಾನು ಏನು ಹೇಳಿದೆ ಗೊತ್ತೇ? "ದಾರ ಅದಲುಬದಲಾಗಿದೆ," ಅಂದೆ. ನಲವತ್ತು ಮಕ್ಕಳ ಮುಂದೆ ಸುಳ್ಳು ಹೇಳಿದೆ.

ನಿನ್ನೆ ನೀವು ಕಳಿಸಿದ ದೊಡ್ಡ ಡಬ್ಬಿ ಬಂತು. ಸುತ್ತಿದ ಪತ್ರಿಕೆಗೆ ಹತ್ತಿದ ಬಣ್ಣ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ರುಕಿಯಾ ಚಾಪೆಯ ಗರಿಗೆ ಹಾಕುವ ಕೆಂಪು. ಅದರ ಪಾತ್ರೆಯನ್ನು ಅಡುಗೆಮನೆಯೊಳಗೆ ತರಬಾರದು ಎಂದು ಚಿಕ್ಕವಳಿದ್ದಾಗ ನನಗೆ ಹೇಳಿದವರು ನೀವೇ. ಪುಂಡಿ ಕೊಯ್ಯುವ, ಬಿಡಿಸುವ, ಕುದಿಸುವ ಕೆಲಸ ಉಳಿಯುತ್ತದೆ ಎಂದು ತಾನೇ? ಕಾಗದವನ್ನೂ ಹಾಗೇ ಅವಸರದಲ್ಲಿ ಬರೆಯುತ್ತೀರಿ, ಸಾಲಿನ ಮೇಲೆ ಸಾಲು ಹತ್ತಿರುತ್ತದೆ.

ಡಬ್ಬಿಯನ್ನು ಮಕ್ಕಳಿಗೆ ಹಂಚಲಿಲ್ಲ, ಹಂಚುವುದೂ ಇಲ್ಲ. ದಯವಿಟ್ಟು ಅಲ್ಲಿಯ ಮಕ್ಕಳಿಗೂ ಮಾರುವುದನ್ನು ನಿಲ್ಲಿಸಿ.

ಸ್ವಾಬ್ರಾ

*

ಮೊಂಬಾಸಾ
5 ಅಕ್ಟೋಬರ್ 1997

ಅತ್ತೆ,

ಶಿಕಮೂ.

ಆರು ವಾರವಾಯಿತು. ಬಸ್ಸಿನವನನ್ನು ಕೇಳಿದರೆ, "ನಿಮ್ಮ ಅತ್ತೆ ಏನೂ ಕೊಡ್ಲಿಲ್ಲ ಟೀಚರ್, ಕೇಳಿದ್ರೆ ಮಾತೂ ಆಡ್ಲಿಲ್ಲ," ಅನ್ನುತ್ತಾನೆ. ನಾನು ಬರೆದ ವಿಷಯ ತಪ್ಪಲ್ಲ, ಬರೆದ ರೀತಿ ತಪ್ಪಿರಬಹುದು.

ಶಿಕ್ಷಕರ ಮುಷ್ಕರ, ಶಾಲೆ ಮುಚ್ಚಿದೆ. ಮೊನ್ನೆ ಮಾರುಕಟ್ಟೆಯಲ್ಲಿ ಮಿಷಿ ಸಿಕ್ಕಿದಳು. "ಟೀಚರ್, ಆ ದಾರದ ಪಾಠ ಇನ್ನೊಂದ್ಸಲ ಮಾಡ್ತೀರಾ? ಅದಲುಬದಲಾಗಿತ್ತಲ್ಲ," ಅಂದಳು. ಮುಖದಲ್ಲಿ ಏನೂ ಇರಲಿಲ್ಲ. ನಾನು ಈರುಳ್ಳಿ ಆರಿಸುವ ನೆಪ ಮಾಡಿದೆ.

ಒಂದು ಸಾಲಾದರೂ ಬರೆಯಿರಿ.

ಸ್ವಾಬ್ರಾ

*

ಲಾಮು
14 ಅಕ್ಟೋಬರ್ 1997

ಟೀಚರಮ್ಮನವರಿಗೆ,

ತಮ್ಮ ಎರಡೂ ಕಾಗದ ಬಂದವು. ಒಂದು ಸಾಲು ಕೇಳಿದ್ದೀರಿ. ನಾಲ್ಕು ಬರೆಯುತ್ತೇನೆ.

ತಮ್ಮ ತಾಯಿ ತೀರಿಕೊಂಡಾಗ ತಮಗೆ ನಾಲ್ಕು ವರ್ಷ. ಅಂದಿನಿಂದ ಈ ಕೈಯೇ ತಮಗೆ ತುತ್ತಿಟ್ಟಿದ್ದು. ಆಗ ಈ ಕೈ ತೊಳೆದಿದೆಯೇ ಎಂದು ತಾವು ದಾರ ಹಾಕಿ ನೋಡಲಿಲ್ಲ. ಇನ್ನು ಮುಂದೆ ತಮ್ಮ ಶಾಲೆಗೆ ನನ್ನಿಂದ ಏನೂ ಬರುವುದಿಲ್ಲ.

ಮ್ವಾನಕೊಂಬೊ

*

ಲಾಮು
19 ಡಿಸೆಂಬರ್ 1997

ಮಗಳೇ,

ಮರಹಬಾ. ಹಿಂದಿನ ಕಾಗದದಲ್ಲಿ ನಿನ್ನ ಶಿಕಮೂಗೆ ಈ ಉತ್ತರ ಬರೆಯಲಿಲ್ಲ, ಬೇಕೆಂದೇ ಬಿಟ್ಟೆ. ಈಗ ಬರೆದಿದ್ದೇನೆ.

ಮಳೆ ನಿಂತಿಲ್ಲ. ತಾನಾ ನದಿ ರಸ್ತೆಯನ್ನೆಲ್ಲ ನುಂಗಿದೆ, ಬಸ್ಸು ಬಂದು ತಿಂಗಳು ದಾಟಿತು. ನೀನು ಬರೆದಿದ್ದರೂ ನನಗೆ ತಲುಪಿಲ್ಲ. ಇದನ್ನು ಮೊಂಬಾಸಾಕ್ಕೆ ಹೊರಟ ಹಾಯಿದೋಣಿಯವನ ಕೈಯಲ್ಲಿ ಕೊಡುತ್ತಿದ್ದೇನೆ.

ನಿನಗೆ ಆ ನಾಲ್ಕು ಸಾಲು ಬರೆದ ಮೇಲೂ ಸಿಟ್ಟು ಇಳಿಯಲಿಲ್ಲ. ನೀನು ಹೇಳಿದ್ದು ಸುಳ್ಳೆಂದು ತೋರಿಸಿ, ಅದನ್ನು ಲಕೋಟೆಯಲ್ಲಿ ಹಾಕಿ ಕಳಿಸಬೇಕು ಎಂದು ಹಟ ಬಂತು. ಬಿಳಿ ಉಣ್ಣೆ ಹುಡುಕಿದೆ, ನೀನು ಚಿಕ್ಕವಳಿದ್ದಾಗಿನ ಉಣ್ಣೆ ಟೋಪಿ ಸಿಕ್ಕಿತು. ಅದರಿಂದಲೇ ಒಂದು ಎಳೆ ಬಿಚ್ಚಿದೆ. ಮೊದಲ ಕಾಗದದಲ್ಲಿ ನೀನು ಬರೆದಂತೆಯೇ ನನ್ನ ಮಬುಯು ನೆನೆಸಿದ ನೀರಿನಲ್ಲಿ ಕುದಿಸಿದೆ, ತೊಳೆದೆ, ಕಿಟಕಿಯ ಹತ್ತಿರ ಹಿಡಿದೆ. ನನಗೆ ಕಂಡದ್ದು ಹಳೆಯ ಹಗ್ಗದ ಬಣ್ಣ. ಗೆದ್ದೆ ಎಂದುಕೊಂಡು ರುಕಿಯಾಳನ್ನು ಕೂಗಿದೆ.

"ನೋಡೇ, ಟೀಚರಮ್ಮ ಕೆಂಪು ಅಂತಾಳೆ. ಎಲ್ಲಿದೆ ಕೆಂಪು?" ಅಂದೆ.

ರುಕಿಯಾ ದಾರವನ್ನು ನನ್ನ ಕೈಯಿಂದ ಕಿತ್ತುಕೊಂಡು ಬಾಗಿಲ ಬೆಳಕಿಗೆ ಹಿಡಿದಳು.

"ತಮಾಷೆ ಮಾಡ್ತಿದೀಯಾ?" ಅಂದಳು ಆಮೇಲೆ.

"ಇಲ್ಲ, ಹೇಳು."

"ಮ್ವಾನಕೊಂಬೊ, ದಾರ ದಾಸವಾಳದ ಹಾಗಿದೆ. ನಿನ್ನ ಕೈ ನೋಡ್ಕೋ. ನಿನ್ನ ಗೋಡೆ ನೋಡು, ಒಲೆ ನೋಡು. ಮೂರು ವರ್ಷದಿಂದ ಎಲ್ಲಾ ಕೆಂಪೇ. ನಿಂಗೆ ಹಾಗೇ ಇಷ್ಟ ಅಂದ್ಕೊಂಡಿದ್ವಿ."

ಆಗ ಕೂತುಬಿಟ್ಟೆ ಮಗಳೇ.

ನನ್ನ ಕಣ್ಣಿಗೆ ಮಂಜು ಕವಿದಿದೆ. ಗೊತ್ತಿತ್ತು, ಆದರೆ ಇಷ್ಟೆಂದು ಗೊತ್ತಿರಲಿಲ್ಲ. ನಿನಗೆ ಮೊಣಕಾಲು ಎಂದು ಬರೆದೆ. ಕಣ್ಣು ಎಂದು ಬರೆದರೆ ನೀನು ಕೆಲಸ ಬಿಟ್ಟು ಬರುತ್ತೀಯೆ ಎಂದು ಹೆದರಿದೆ. ಪುಂಡಿ ರಸ ಹಾಕಿದರೆ ಮಬುಯು ಬೂದಿಯ ಹಾಗೆ ಕಾಣುತ್ತಿತ್ತು. ಮಣ್ಣನ್ನು ಬೈದೆ, ಗಿಡವನ್ನು ಬೈದೆ. ಆಮೇಲೆ ಅಂಗಡಿಯ ಶೇಬ್ವಾನಾನ ಹತ್ತಿರ ಪುಡಿ ತಂದೆ. ಚಾಪೆಯ ಪುಡಿಯೇ. "ಎಲ್ಲಾ ಬಣ್ಣವೂ ಒಂದೇ ಮ್ವಾನಕೊಂಬೊ ಅಮ್ಮ," ಅಂದ. ಒಂದೇ ಅಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಅರ್ಧ ಚಮಚ ಹಾಕಿದೆ, ಮಾಸಲಾಗಿ ಕಂಡಿತು. ಒಂದು ಹಾಕಿದೆ. ಎರಡು. ಮಕ್ಕಳು ಇನ್ನೂ ಹೆಚ್ಚು ಕೊಳ್ಳತೊಡಗಿದರು. ಸರಿಯಾಗಿಯೇ ಮಾಡುತ್ತಿದ್ದೇನೆ ಎಂದುಕೊಂಡೆ.

ಕೆಲಸ ಉಳಿಸಲು ಅಲ್ಲ ಸ್ವಾಬ್ರಾ. ಅದೊಂದನ್ನು ನೀನು ತಿಳಿಯಬೇಕು.

ಮಬುಯುವಿಗೆ ಒಲೆ ಹಚ್ಚುವುದನ್ನು ನಿಲ್ಲಿಸಿದ್ದೇನೆ. ಯಾಕೆ ಎಂದು ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ರುಕಿಯಾಗೆ ಆಣೆ ಹಾಕಿಸಿದ್ದೇನೆ.

ಅತ್ತೆ

*

ಮೊಂಬಾಸಾ
18 ಜನವರಿ 1998

ಪ್ರೀತಿಯ ಅತ್ತೆ,

ನಿಮ್ಮ ಪಾದಕ್ಕೆ ಶಿಕಮೂ, ಎರಡು ಸಲ.

ನಿಮ್ಮ ಕಾಗದ ಹದಿನೈದು ದಿನ ಸಮುದ್ರದಲ್ಲಿದ್ದು ಬಂತು. ಅಂಚು ನೆನೆದಿತ್ತು. ಸಾಲಿನ ಮೇಲೆ ಸಾಲು ಏಕೆ ಹತ್ತುತ್ತಿತ್ತು ಎಂದು ಈಗ ಗೊತ್ತಾಗಿ, ಆ ಆಗಸ್ಟ್ ಕಾಗದದ ಮಾತು ನೆನೆದರೆ ನಾಚಿಕೆಯಾಗುತ್ತದೆ. ಮಕ್ಕಳಿಗೆ ಎಲ್ಲವನ್ನೂ ದಿಟ್ಟಿಸಿ ನೋಡಿ ಎಂದು ಹೇಳಿಕೊಟ್ಟವಳು ನಿಮ್ಮ ಅಕ್ಷರವನ್ನೇ ನೋಡಲಿಲ್ಲ.

ನಿಮ್ಮ ಕಣ್ಣಿನದು ಪೊರೆ ಇರಬೇಕು ಎನ್ನುತ್ತಾರೆ ಡಿಸ್ಪೆನ್ಸರಿಯ ಡಾಕ್ಟರು. ಕಣ್ಣಿನ ಆಸ್ಪತ್ರೆಗೆ ಹೆಸರು ಬರೆಸಿದ್ದೇನೆ. ಈದ್ ಹಬ್ಬ ಮುಗಿದ ಮೇಲೆ, ಫೆಬ್ರವರಿ ಹತ್ತಕ್ಕೆ. ರಸ್ತೆ ತೆರೆಯದಿದ್ದರೆ ದೋಣಿಯಲ್ಲಿ ಬನ್ನಿ. ಬರುವುದಿಲ್ಲ ಎಂದರೆ ನಾನೇ ಬಂದು ಎತ್ತಿಕೊಂಡು ಹೋಗುತ್ತೇನೆ. ಎತ್ತಿಕೊಂಡು ಓಡುವುದು ಈಗ ಅಭ್ಯಾಸವಾಗಿದೆ.

ಇನ್ನೊಂದು ವಿಷಯ. ಶಾಲೆ ತೆರೆದ ಮೂರನೇ ದಿನ ಮಕ್ಕಳಿಗೆ ನಿಜ ಹೇಳಿದೆ. ದಾರ ಅದಲುಬದಲಾಗಿರಲಿಲ್ಲ, ಅದು ನನ್ನ ಅತ್ತೆಯ ಮಬುಯುವೇ, ನಾನು ಸುಳ್ಳು ಹೇಳಿದೆ ಅಂದೆ. ಮಿಷಿ ಕೈ ಎತ್ತಿದಳು.

"ನಂಗೊತ್ತಿತ್ತು ಟೀಚರ್. ದಾರಗಳಿಗೆ ಗುರುತಿನ ಗಂಟು ಹಾಕಿದ್ದು ನಾನೇ. ನಿಮ್ಮತ್ತೆದಕ್ಕೆ ಮೂರು ಗಂಟು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಸಾಕಿದ ಅತ್ತೆ ಅಂದಿದ್ರಲ್ಲ," ಅಂದಳು.

ಪರಿಚಯದವರು ಕೊಟ್ಟದ್ದನ್ನೂ ನೋಡಿಯೇ ತಿನ್ನಬೇಕು ಎಂಬುದು ಆ ಪಾಠದಲ್ಲಿ ನಾನು ಬಿಟ್ಟಿದ್ದ ಭಾಗ. ಅದನ್ನೂ ಅವತ್ತೇ ಸೇರಿಸಿದೆ.

ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದರೆ ಲಾಮುವಿನ ಮಕ್ಕಳು ಆ ಪುಡಿಯನ್ನು ಬೇರೆಯವರ ಕೈಯಿಂದಲೂ ತಿನ್ನುತ್ತಿರಬಹುದು. ಯೋಚಿಸಿ.

ನಿಮ್ಮ
ಸ್ವಾಬ್ರಾ

*

ಲಾಮು
22 ಮಾರ್ಚ್ 1998

ಮಗಳೇ ಸ್ವಾಬ್ರಾ,

ಮರಹಬಾ.

ಕ್ಷೇಮವಾಗಿ ಮುಟ್ಟಿದೆ. ನೀನು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ದೋಣಿ ಇಳಿದರೆ, "ಯಾವ್ದೋ ದೊಡ್ಡ ಅಧಿಕಾರಿ ಬಂದ್ರು ಅಂದ್ಕೊಂಡೆ," ಅಂದಳು ರುಕಿಯಾ.

ಮನೆಗೆ ಬಂದು ಅಡುಗೆಮನೆಯ ಬಾಗಿಲು ತೆಗೆದೆ. ಪೊರೆ ತೆಗೆದ ಮೇಲೆ ನೀನು ಆಸ್ಪತ್ರೆಯಲ್ಲಿ ಕೇಳಿದಾಗ ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದೆನಲ್ಲ, ಇದು ಕಂಡಾಗ ಮಾತ್ರ ಮತ್ತೆ ಕಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು. ಗೋಡೆಯ ಮೇಲೆ, ಬಾಗಿಲ ಚಿಲಕದ ಮೇಲೆ, ನೀರಿನ ಮಡಕೆಯ ಕೊರಳಿನಲ್ಲಿ, ಎಲ್ಲ ಕಡೆ ನನ್ನ ಬೆರಳು. ಎರಡು ದಿನ ಸುಣ್ಣ ಬಳಿದೆ. ಕೆಲವು ಕಡೆ ಸುಣ್ಣದ ಮೇಲೂ ಮೂಡುತ್ತಿದೆ.

ಹಬ್ಬದ ದಿನ ಮಕ್ಕಳು ಬಂದಿದ್ದರು. ಈ ವರ್ಷ ಮಬುಯು ಇಲ್ಲ ಎಂದಷ್ಟೇ ಹೇಳಿ ಕಳಿಸಿದ್ದೆ, ಅವಮಾನವಾಗಿತ್ತು. ಈಗ ಮದರಸಾಕ್ಕೆ ಹೋಗಿ ಉಸ್ತಾದರ ಅನುಮತಿ ಕೇಳಿ ಹುಡುಗಿಯರ ಮುಂದೆ ಕೂತೆ. ನಿನ್ನ ಹಾಗೆ ಪಾಠ ಮಾಡಲು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳಿದೆ. ಮೂರು ವರ್ಷ ನಿಮಗೆ ಚಾಪೆಯ ಬಣ್ಣ ತಿನ್ನಿಸಿದೆ, ಕ್ಷಮಿಸಿ ಅಂದೆ. ಕೆಲವರು ನಕ್ಕರು. ಒಬ್ಬಳು, "ನಮ್ಮಕ್ಕಂಗೆ ಮೈಯೆಲ್ಲಾ ಕೆರೆತ ಬರ್ತಿತ್ತು, ಅದಕ್ಕೇನಾ?" ಎಂದು ಕೇಳಿದಳು. ಗೊತ್ತಿಲ್ಲ, ಇರಬಹುದು ಅಂದೆ. ಅದಕ್ಕಿಂತ ಕಷ್ಟದ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಆ ಸಂಜೆಯೇ ಅವಳ ಮನೆಗೆ ಹೋಗಿ ತಾಯಿಗೂ ಹೇಳಿದೆ. ಅವಳು ಬೈದಳು. ಬೈಯಲಿ ಎಂದು ಕೂತೆ. ಕೊನೆಗೆ ಚಹಾ ಕೊಟ್ಟಳು.

ಆಮೇಲೆ ಶೇಬ್ವಾನಾನ ಅಂಗಡಿ. "ನಾನು ಮಾರೋದು ಚಾಪೆಗೆ. ಯಾರು ಏನಕ್ಕೆ ಹಾಕ್ಕೋತಾರೆ ಅಂತ ನಾನ್ ಕಾಯ್ಕೊಂಡ್ ಕೂತಿರ್ಲಾ?" ಅಂದ. "ಎಲ್ಲಾ ಒಂದೇ ಅಂತ ನನಗೆ ಹೇಳಿದ್ದು ನೀನೇ," ಅಂದೆ. "ಪೊಟ್ಟಣದ ಮೇಲೆ ಬರೆದು ಮಾರು." "ಬರೆಯೋಕೆ ಪುರುಸೊತ್ತೆಲ್ಲಿದೆ ಮ್ವಾನಕೊಂಬೊ ಅಮ್ಮ?" "ನಿನಗಿಲ್ದಿದ್ರೆ ಬರೆಯೋರು ಇದಾರೆ," ಅಂದೆ.

ಮರುದಿನ ಹನ್ನೊಂದು ಹುಡುಗಿಯರನ್ನು ಕರೆದುಕೊಂಡು ಹೋದೆ. ಅಂಗಡಿಯ ಮುಂದಿನ ಕಲ್ಲು ಕಟ್ಟೆಯ ಮೇಲೆ ಸಾಲಾಗಿ ಕೂತರು. ಅವನ ಖಾಲಿ ಪೊಟ್ಟಣಗಳೆಲ್ಲ ಹೊರಗೆ ಬಂದವು, ಎಂಬತ್ತು ಚಿಲ್ಲರೆ. ಒಂದೊಂದರ ಮೇಲೂ, ಚಾಪೆಗೆ ಮಾತ್ರ, ತಿನ್ನಬಾರದು ಎಂದು ಬರೆದರು. ದಾರಿಹೋಕರು ನಿಂತು ಏನೆಂದು ಕೇಳಿದರು. ಹುಡುಗಿಯರೇ ಹೇಳಿದರು. ಕೆಲವರು ಸುಮ್ಮನೆ ಹೋದರು, ಭಜಿಯಾ ಮಾರುವ ಇಬ್ಬರು ಹೆಂಗಸರು ಮಾತ್ರ ಬಹಳ ಹೊತ್ತು ನಿಂತರು. ಶೇಬ್ವಾನಾ ಮೊದಲು ಮುಖ ತಿರುಗಿಸಿಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ನೀರು ತಂದುಕೊಟ್ಟ.

ಬರೆದದ್ದನ್ನೆಲ್ಲ ನನ್ನ ತೊಡೆಯ ಮೇಲೆ ತಂದು ಇಟ್ಟರು. "ಸರಿಯಾಗಿದೆಯಾ ನೋಡಿ ಅಜ್ಜಿ," ಅಂದರು. ಒಂದೊಂದನ್ನೇ ಓದಿದೆ. ಅರುವತ್ತನೆಯದೋ ಎಪ್ಪತ್ತನೆಯದೋ ಇರಬೇಕು, ಯಾರೋ ಅವಸರದಲ್ಲಿ ತಿನ್ನಬಾರದು ಎನ್ನುವ ಬದಲು ತಿನ್ನಬಹುದು ಎಂದು ಬರೆದಿದ್ದರು. ಚಿಕ್ಕ ಅಕ್ಷರ, ಅದೂ ಪೆನ್ಸಿಲಿನಲ್ಲಿ. ಕಂಡಿತು. ಬರೆದವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದೆ.

ಅತ್ತೆ
ಮ್ವಾನಕೊಂಬೊ